ಇಳಿಯಲೊಲ್ಲದ ಹಕ್ಕಿ

ಏರಿಸುವುದಕ್ಕಿಂತ ಇಳಿಸುವುದೇ ಕಷ್ಟವೆಂಬ ಪಾಠವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ, ಊರ ಬಯಲಿನಲ್ಲಿ.

ಕಾಲೇಜಿನ ಫೀಸಿಗಾಗಿ ನಾನು ರಜೆಯಲ್ಲಿ ಒಂದು ಫೋಟೋ ಸ್ಟುಡಿಯೋದಲ್ಲಿ ದುಡಿಯುತ್ತೇನೆ. ಅದರ ಮಾಲೀಕರು ಸಾಲಮಾಡಿ ಪುಟ್ಟ ಡ್ರೋನ್ ಒಂದನ್ನು ಕೊಂಡಿದ್ದಾರೆ. ತೂಕ 250 ಗ್ರಾಮಿಗೂ ಕಡಿಮೆ. 2021ರ ಡ್ರೋನ್ ನಿಯಮಗಳಂತೆ ಅದು ‘ನ್ಯಾನೋ’ ಜಾತಿಯದು. ಸಾಲದ ಭಾರ ಮಾತ್ರ ನ್ಯಾನೋ ಅಲ್ಲ!

2025ರ ಆಯುಧಪೂಜೆ ಮುಗಿದ ಮೂರನೆಯ ದಿನ ಅದನ್ನು ಹಾರಿಸಿದೆ. ಹಕ್ಕಿಯಂತೆ ಏರಿತು. ಇಳಿಸಹೋದರೆ ಮೊಣಕಾಲೆತ್ತರದಲ್ಲಿ ನಿಂತುಬಿಟ್ಟಿತು. ಕೆಳಕ್ಕೆ ಒತ್ತಿದಷ್ಟೂ ಮೇಲಕ್ಕೆ ಜಿಗಿಯಿತು. ಬ್ಯಾಟರಿ ಸೋತ ಮೇಲಷ್ಟೇ ನೆಲ ಮುಟ್ಟಿತು.

“ಎಲ್ಲಿ ಬೀಳಿಸಿದೆಯಯ್ಯಾ? ರಿಪೇರಿ ಖರ್ಚು ನಿನ್ನ ಸಂಬಳದಲ್ಲೇ ಹಿಡಿಯುತ್ತೇನೆ” ಎಂದರು ಮಾಲೀಕರು. ನನ್ನ ಎದೆ ಧಸಕ್ಕೆಂದಿತು. ಪರೀಕ್ಷೆಯ ಫೀಸು ಕಟ್ಟುವ ದಿನ ಹತ್ತಿರವಾಗಿತ್ತು.

ಡ್ರೋನಿನ ಹೊಟ್ಟೆಯಲ್ಲಿ ಎರಡು ಬಗೆಯ ಕಣ್ಣುಗಳಿವೆ. ಒಂದು, ನೆಲದ ಗುರುತುಗಳನ್ನು ನೋಡುವ ಕ್ಯಾಮೆರಾ. ಇನ್ನೊಂದು, ಇನ್‌ಫ್ರಾರೆಡ್ ಕಿರಣವನ್ನು ಕೆಳಕ್ಕೆ ಬಿಟ್ಟು, ಅದು ಮರಳುವ ಹೊತ್ತಿನಿಂದ ಎತ್ತರ ಅಳೆಯುವ ಸೆನ್ಸರ್. ನೀರು, ಗಾಜು, ಮಬ್ಬುಬೆಳಕು ಇವನ್ನು ಮೋಸಗೊಳಿಸುತ್ತವೆ. ಆದ್ದರಿಂದ ಹುಲ್ಲು ಬಿಟ್ಟು ಮಣ್ಣಿಗೆ, ಮಣ್ಣು ಬಿಟ್ಟು ಸಿಮೆಂಟಿಗೆ ಬಂದೆ, ನಡುಹಗಲಿನಲ್ಲಿ ಹಾರಿಸಿದೆ, ಸಾಫ್ಟ್‌ವೇರನ್ನೂ ಹೊಸದುಮಾಡಿದೆ. ಹಕ್ಕಿ ಹಟ ಬಿಡಲಿಲ್ಲ.

ಸಂಜೆ ಮನೆಯಲ್ಲಿ ಗಾರೆಕೆಲಸದ ನಮ್ಮಪ್ಪನ ಮುಂದೆ ಗೋಳು ತೋಡಿಕೊಂಡೆ. ಅವನು ಬೀಡಿ ಆರಿಸಿ, “ರಸಮಟ್ಟ ತಪ್ಪು ತೋರಿಸಿದರೆ ಗೋಡೆ ಕೆಡವುತ್ತಾರೇನೊ? ಮೊದಲು ಅದರ ತಳಕ್ಕಂಟಿದ ಗಾರೆ ಒರೆಸಬೇಕು” ಎಂದ.

ಮರುದಿನ ಡ್ರೋನನ್ನು ಮಗುಚಿ ನೋಡಿದೆ. ಸೆನ್ಸರಿನ ಗಾಜಿನ ಮೇಲೆ ಒಣಗಿದ ಕುಂಕುಮ! ನೆನಪಾಯಿತು: ಪೂಜೆಯ ದಿನ ಮಾಲೀಕರಿಗೆ ಹೇಳದೆ ಅದನ್ನು ಮನೆಗೊಯ್ದಿದ್ದೆ. ಕರಣೆ, ರಸಮಟ್ಟಗಳ ಪಕ್ಕದಲ್ಲಿ ‘ಓದಿದ ಮಗನ ಆಯುಧ’ವೆಂದು ಅವ್ವ ಅದಕ್ಕೂ ಬೊಟ್ಟಿಟ್ಟಿದ್ದಳು. ಕಿರಣ ಬೊಟ್ಟಿಗೇ ತಗುಲಿ ಮರಳುತ್ತಿತ್ತು. ಬಡ ಯಂತ್ರಕ್ಕೆ ಸದಾ ಏನೋ ಹೊಟ್ಟೆಗೆ ತಾಗಿದಂತೆಯೇ ಭಾಸ. ಮೆತ್ತನೆಯ ಬಟ್ಟೆಯಿಂದ ಹಗುರಾಗಿ ಒರೆಸಿದೆ. ಹಾರಿಸಿದೆ. ಹಕ್ಕಿ ಮೆಲ್ಲನೆ ಇಳಿದು ಕುಳಿತಿತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ನೆಲವನ್ನೂ ಬೆಳಕನ್ನೂ ದೂರಿ, ನನ್ನ ಕಡೆ ಮಾತ್ರ ನೋಡಿಕೊಳ್ಳದೆ ಒಂದು ದಿನ ಕಳೆದಿದ್ದೆನಲ್ಲ! ಮಾಲೀಕರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಬರುವ ವರ್ಷ ಕೇಳಿ ತೆಗೆದುಕೊಂಡು ಹೋಗು, ಬೊಟ್ಟನ್ನು ಬೆನ್ನಿಗಿಡಿಸು” ಎಂದರು.

ಅವ್ವನಿಗೆ ಮಾತ್ರ ನಾನಿನ್ನೂ ಹೇಳಿಲ್ಲ.