ತಾಡಪತ್ರಿ ಸುದ್ದಿಯ ಒಂದು ‘ಅಥವಾ’

ಕಳೆದ ವರ್ಷ ಗೋವಿನಜೋಳದ ರಾಶಿ ಹೊತ್ತಿನಲ್ಲಿ ನಾನು ಬರೆದ ನಾಲ್ಕು ಸಾಲಿನ ಸುದ್ದಿಯೊಂದು ಹಮ್ಮಿಗಿಯ ದೊಡ್ಡವ್ವನೊಬ್ಬಳ ಒಂದು ದಿನದ ಕೂಲಿ ಕೆಡಿಸಿತು.

ಹಮ್ಮಿಗಿ ಮುಂಡರಗಿ ತಾಲ್ಲೂಕಿನ ಊರು. ಸಿಂಗಟಾಲೂರು ಏತ ನೀರಾವರಿಗೆ ತುಂಗಭದ್ರೆಗೆ ಕಟ್ಟಿದ ಬ್ಯಾರೇಜ್ ಇರುವುದು ಇಲ್ಲೇ. ನನ್ನ ಅಕ್ಕನನ್ನು ಕೊಟ್ಟಿದ್ದು ಈ ಊರಿಗೆ. ಆ ದೊಡ್ಡವ್ವ ಅಕ್ಕನ ಬಾಜೂ ಮನೆಯಾಕಿ.

ಒಂದು ಕಚೇರಿಯಿಂದ ಪ್ರಕಟಣೆ ಬಂದಿತ್ತು. ರಿಯಾಯಿತಿ ದರದಲ್ಲಿ ತಾಡಪತ್ರಿ ಕೊಡುತ್ತಾರೆ ಎಂಬ ವಿಷಯ. ಅದರಲ್ಲಿ ಹೀಗಿತ್ತು: ‘ಕಳೆದ 3 ವರ್ಷಗಳಲ್ಲಿ ತಾಡಪತ್ರಿ ಅಥವಾ ಸ್ಪ್ರೇಯರ್ ಪಡೆದವರನ್ನು ಹೊರತುಪಡಿಸಿ ಉಳಿದ ರೈತರು ಅರ್ಜಿ ಸಲ್ಲಿಸಬಹುದು.’

‘ಹೊರತುಪಡಿಸಿ’ ಅಂದರೆ ಜನರಿಗೆ ತೊಡಕು, ಸರಳ ಮಾಡೋಣ ಅಂತ ನಾನು ಹೀಗೆ ಬರೆದೆ: ‘3 ವರ್ಷಗಳಲ್ಲಿ ತಾಡಪತ್ರಿ ಪಡೆಯದವರು ಅಥವಾ ಸ್ಪ್ರೇಯರ್ ಪಡೆಯದವರು ಅರ್ಜಿ ಹಾಕಬಹುದು.’

ಓದಲು ಸಲೀಸಾಗಿತ್ತು. ಪೇಪರಿನಲ್ಲಿ ಬಂತು, ಊರಿನ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು.

ದೊಡ್ಡವ್ವ ಎರಡು ವರ್ಷದ ಹಿಂದೆ ಸ್ಪ್ರೇಯರ್ ತೊಗೊಂಡಿದ್ದಳು, ತಾಡಪತ್ರಿ ತೊಗೊಂಡಿರಲಿಲ್ಲ. ನನ್ನ ಸಾಲಿನ ಪ್ರಕಾರ ಆಕೆಗೆ ಅರ್ಹತೆ ಇತ್ತು. ಕೂಲಿ ಬಿಟ್ಟು, ಪಹಣಿ, ಆಧಾರ್ ಹಿಡಿದುಕೊಂಡು ಹೋಗಿ ಪಾಳಿಯಲ್ಲಿ ನಿಂತಳು. ಮಧ್ಯಾಹ್ನ ಪಾಳಿ ಬಂದಾಗ ಹೆಸರು ನೋಡಿ ‘ನಿಮಗ ಬರೂದಿಲ್ರೀ’ ಅಂದರಂತೆ.

ಆ ವಾರ ನಾನು ಅಕ್ಕನ ಮನೆಗೆ ಹೋದಾಗ ಕಟ್ಟೆಯ ಮೇಲೆ ಕೂತಿದ್ದಳು.

“ನಿನ್ನ ಸುದ್ದಿ ನೋಡೇ ಹೋಗಿದ್ದೆ ತಮ್ಮಾ” ಅಂದಳು.

“ಬಸ್ಸೇನೋ ಪುಕ್ಕಟೆ ಐತಲ್ಲ ದೊಡ್ಡವ್ವಾ” ಅಂತ ನಾನು ನಗಿಸಲು ನೋಡಿದೆ.

“ಬಸ್ ಪುಕ್ಕಟೆ. ಕೂಲಿ ಯಾರ ಕೊಡ್ತಾರ?”

ಆಕೆ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಮುಂದೆ ಎರಡು ದಿನಕ್ಕೆ ಮಳೆ ಬಂತು. ರಸ್ತೆ ಬದಿ ಒಣಹಾಕಿದ್ದ ಆಕೆಯ ಗೋವಿನಜೋಳಕ್ಕೆ ಹಳೇ ಸೀರೆ, ಗೊಬ್ಬರದ ಚೀಲ ಹೊದಿಸಿದರು. ಅಂಚಿನ ಕಾಳು ತೊಯ್ದವು.

ನನ್ನ ತಪ್ಪು ಎಲ್ಲಿದೆ ಅಂತ ಆಗಲೂ ನನಗೆ ಹೊಳೆದಿರಲಿಲ್ಲ. ತೋರಿಸಿದವಳು ಅಕ್ಕನ ಮಗಳು. ಪಿಯುಸಿ ಎರಡನೇ ವರ್ಷ, ಕಂಪ್ಯೂಟರ್ ಸೈನ್ಸ್ ತೊಗೊಂಡಿದ್ದಾಳೆ. ಪ್ರಕಟಣೆ ಮತ್ತು ನನ್ನ ಸುದ್ದಿ ಎರಡನ್ನೂ ಬಾಜೂಬಾಜೂ ಇಟ್ಟು ಓದಿ, “ಮಾಮಾ, ಇದು ನಮ್ಮ ಬೂಲಿಯನ್ ಪಾಠದಾಗ ಐತಿ. ಎಲ್ಲಾರೂ ಇದ ತಪ್ಪ ಮಾಡ್ತಾರ” ಅಂದಳು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನಾಲ್ಕು ಸಾಲು ಬರೆದಳು:

ಎರಡೂ ಪಡೆಯದವರು: ಪ್ರಕಟಣೆ ಪ್ರಕಾರ 1, ನಿನ್ನ ಸುದ್ದಿ ಪ್ರಕಾರ 1.
ತಾಡಪತ್ರಿ ಮಾತ್ರ ಪಡೆದವರು: ಪ್ರಕಟಣೆ 0, ಸುದ್ದಿ 1.
ಸ್ಪ್ರೇಯರ್ ಮಾತ್ರ ಪಡೆದವರು: ಪ್ರಕಟಣೆ 0, ಸುದ್ದಿ 1.
ಎರಡೂ ಪಡೆದವರು: ಪ್ರಕಟಣೆ 0, ಸುದ್ದಿ 0.

1 ಅಂದರೆ ಹೌದು, 0 ಅಂದರೆ ಇಲ್ಲ. ನಾಲ್ಕು ಸಾಲಿನಲ್ಲಿ ಎರಡು ಹೊಂದಲಿಲ್ಲ. ದೊಡ್ಡವ್ವ ಮೂರನೇ ಸಾಲಿನಲ್ಲಿದ್ದಳು.

ನಿಯಮ ಇಷ್ಟೇ. ‘ಇದು ಅಥವಾ ಅದು’ ಎಂಬುದಕ್ಕೆ ಹೊರಗಿನಿಂದ ‘ಅಲ್ಲ’ ಹಚ್ಚಿ, ಆ ‘ಅಲ್ಲ’ವನ್ನು ಒಳಗೆ ತಂದರೆ ‘ಅಥವಾ’ ಹೋಗಿ ‘ಮತ್ತು’ ಆಗಬೇಕು. ‘ತಾಡಪತ್ರಿಯನ್ನೂ ಪಡೆಯದ, ಸ್ಪ್ರೇಯರನ್ನೂ ಪಡೆಯದ ರೈತರು’ ಅಂತ ನಾನು ಬರೆಯಬೇಕಿತ್ತು. ಕನ್ನಡದಲ್ಲಿ ಎರಡು ‘ಊ’ ಸಾಕಿತ್ತು.

ಇದಕ್ಕೆ ಡಿ ಮಾರ್ಗನ್ ನಿಯಮ ಅನ್ನುತ್ತಾರೆ. ಆಗಸ್ಟಸ್ ಡಿ ಮಾರ್ಗನ್ ಇಂಗ್ಲೆಂಡಿನ ಗಣಿತಜ್ಞ, ಆದರೆ ಹುಟ್ಟಿದ್ದು ನಮ್ಮ ಮದುರೈಯಲ್ಲಿ, 1806ರಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದರು. ಈ ಬೀಜಗಣಿತಕ್ಕೆ ಹೆಸರು ಕೊಟ್ಟ ಜಾರ್ಜ್ ಬೂಲ್ ಚಪ್ಪಲಿ ಹೊಲಿಯುವವರ ಮಗ. ಕಾಲೇಜು ಡಿಗ್ರಿ ಇರಲಿಲ್ಲ, ಶಾಲೆ ಮಾಸ್ತರಿಕೆ ಮಾಡುತ್ತ ತಾನೇ ಓದಿಕೊಂಡು 1849ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಪ್ರೊಫೆಸರ್ ಆದರು. ಮನುಷ್ಯರು ವಿಚಾರ ಮಾಡುವ ರೀತಿಯನ್ನೂ ಲೆಕ್ಕದಂತೆ ಬರೆಯಬಹುದು ಅಂತ 1854ರಲ್ಲಿ ಪುಸ್ತಕ ತಂದರು.

“ಇದರಿಂದ ಉಪಯೋಗ ಏನವಾ?” ಅಂತ ಕೇಳಿದೆ. ಆಕೆ ಹೊಲದ ಮೋಟಾರಿನ ಮಾತು ತೆಗೆದಳು.

ಮೋಟಾರು ಯಾವಾಗ ಓಡುತ್ತದೆ? ‘3 ಫೇಸ್ ಕರೆಂಟ್ ಇದ್ದು ಸ್ಟಾರ್ಟರ್ ಗುಂಡಿ ಒತ್ತಿದರೆ, ಅಥವಾ 3 ಫೇಸ್ ಕರೆಂಟ್ ಇದ್ದು ಮೊಬೈಲಿನಿಂದ ಚಾಲೂ ಮಾಡಿದರೆ.’ ಕರೆಂಟಿನ ಮಾತು ಎರಡು ಸಲ ಬಂತು. ಅದನ್ನು ಹೊರಗೆ ತೆಗೆದರೆ: ‘3 ಫೇಸ್ ಕರೆಂಟ್ ಇರಬೇಕು, ಜೊತೆಗೆ ಗುಂಡಿ ಅಥವಾ ಮೊಬೈಲ್.’ ನಾಲ್ಕು ಷರತ್ತು ಮೂರಾದವು, ಅರ್ಥ ಬದಲಾಗಲಿಲ್ಲ. ವೈರಿನಲ್ಲಿ ಒಂದರ ಹಿಂದೊಂದು ಸ್ವಿಚ್ ಹಾಕಿದರೆ ‘ಮತ್ತು’, ಅಕ್ಕಪಕ್ಕ ಎರಡು ದಾರಿ ಕೊಟ್ಟರೆ ‘ಅಥವಾ’. ಅಮೆರಿಕದ ಕ್ಲಾಡ್ ಶಾನನ್ ವಿದ್ಯಾರ್ಥಿಯಾಗಿದ್ದಾಗ 1937ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ. ಬೂಲ್ ಅವರ ಲೆಕ್ಕದಿಂದ ಸ್ವಿಚ್ಚುಗಳ ಜೋಡಣೆಯನ್ನು ಸರಳ ಮಾಡಬಹುದು. ನೀವು ಇದನ್ನು ಓದುತ್ತಿರುವ ಮೊಬೈಲಿನ ಒಳಗೂ ಕೋಟಿಗಟ್ಟಲೆ ಸ್ವಿಚ್ಚುಗಳು ಇದೇ ‘ಮತ್ತು, ಅಥವಾ, ಅಲ್ಲ’ ಲೆಕ್ಕದಲ್ಲಿ ಕೆಲಸ ಮಾಡುತ್ತಿವೆ.

ಅಂದಿನಿಂದ ಪ್ರಕಟಣೆಗಳನ್ನು ನಾನು ಬೇರೆ ಕಣ್ಣಿನಿಂದ ಓದುತ್ತೇನೆ. ಕೆಲವು ಷರತ್ತು ಸುಮ್ಮನೆ ಉದ್ದ ಇರುತ್ತವೆ. ‘ಪಹಣಿ ಇದ್ದವರು, ಅಥವಾ ಪಹಣಿ ಇದ್ದು ಪಂಪ್‌ಸೆಟ್ ಹೊಂದಿದವರು’ ಅಂದರೆ ಬರೇ ‘ಪಹಣಿ ಇದ್ದವರು’. ಪಂಪ್‌ಸೆಟ್ ಇದ್ದರೂ ಇಲ್ಲದಿದ್ದರೂ ಉತ್ತರ ಅದೇ. ಇಂಥದ್ದನ್ನು ಧೈರ್ಯವಾಗಿ ಕತ್ತರಿಸಬಹುದು.

ಕೆಲವು ಕಡೆ ನಮ್ಮ ಕನ್ನಡವೇ ಆಟ ಆಡಿಸುತ್ತದೆ. ‘ಸಣ್ಣ ಮತ್ತು ಅತಿ ಸಣ್ಣ ರೈತರು ಅರ್ಜಿ ಹಾಕಬಹುದು’ ಅನ್ನುತ್ತೇವೆ. ಎರಡೂವರೆ ಎಕರೆವರೆಗೆ ಇದ್ದವರು ಅತಿ ಸಣ್ಣ, ಅದರ ಮೇಲೆ 5 ಎಕರೆವರೆಗೆ ಸಣ್ಣ. ಒಬ್ಬ ರೈತ ಎರಡೂ ಆಗಲಾರ. ಲೆಕ್ಕದ ‘ಮತ್ತು’ ಹಿಡಿದು ನೋಡಿದರೆ ಇಡೀ ಜಿಲ್ಲೆಯಲ್ಲಿ ಒಬ್ಬನಿಗೂ ಅರ್ಹತೆ ಇಲ್ಲ! ಇಲ್ಲಿ ‘ಮತ್ತು’ ಅಂದರೆ ‘ಅಥವಾ’. ಆದರೆ ‘ಪಹಣಿ ಮತ್ತು ಆಧಾರ್ ತರಬೇಕು’ ಅಂದರೆ ಎರಡೂ ಬೇಕೇ ಬೇಕು. ಶಬ್ದ ಒಂದೇ, ಕೆಲಸ ಬೇರೆ. ಸಂಶಯ ಬಂದರೆ ಕಚೇರಿಗೆ ಫೋನ್ ಮಾಡಿ ಕೇಳುವುದೇ ದಾರಿ.

ಡಿಪ್ಲೊಮಾದಲ್ಲಿ ನಮಗೆ ಸುದ್ದಿ ಸರಳ ಇರಬೇಕು, ಚಿಕ್ಕದಿರಬೇಕು ಅಂತ ಕಲಿಸಿದ್ದರು. ಸರಳ ಮಾಡಿದ ಮೇಲೂ ಪ್ರತಿಯೊಬ್ಬ ಓದುಗನಿಗೂ ಮೊದಲಿನ ಉತ್ತರವೇ ಬರಬೇಕು ಎಂಬುದನ್ನು ನಾನು ಕಲಿತಿದ್ದು ಆ ನೋಟ್‌ಬುಕ್ಕಿನ ಪುಟದಿಂದ. ಒಂದು ಸಾಲು ತಪ್ಪಿದರೂ ಆ ಸಾಲಿನಲ್ಲಿ ಯಾರೋ ಒಬ್ಬರು ಪಾಳಿಯಲ್ಲಿ ನಿಂತಿರುತ್ತಾರೆ.

ತಿದ್ದುಪಡಿ ಕಳಿಸಿದೆ, ಒಳಪುಟದಲ್ಲಿ ಸಣ್ಣದಾಗಿ ಬಂತು. ವಾಟ್ಸಾಪ್ ಗುಂಪುಗಳಿಗೆ ನಾನೇ ಹಾಕಿ ಕ್ಷಮೆ ಕೇಳಿದೆ. ದೊಡ್ಡವ್ವನ ಕೂಲಿ ರೊಕ್ಕ ಕೊಡಲು ಹೋದರೆ ಆಕೆ ಕೈ ಹಿಂದೆ ಸರಿಸಿದಳು.

ಮೊನ್ನೆ ಮತ್ತೊಂದು ಪ್ರಕಟಣೆ ಬಂತು, ಬೀಜದ ವಿಚಾರ. ಅದರ ಹಿಂಬದಿಯಲ್ಲಿ ನಾಲ್ಕು ಸಾಲು ಹಾಕಿ, ತಾಳೆ ನೋಡಿಯೇ ಸುದ್ದಿ ಕಳಿಸಿದೆ. ಸಂಜೆ ದೊಡ್ಡವ್ವ ಅಕ್ಕನ ಫೋನಿನಿಂದ ಮಾತಾಡಿದಳು.

“ಅದೆಲ್ಲಾ ಇರ್ಲಿ ತಮ್ಮಾ, ನಾ ಹೋಗಲ್ಯೋ ಬ್ಯಾಡೋ, ಅಷ್ಟ ಹೇಳು.”

“ಹೋಗು ದೊಡ್ಡವ್ವಾ” ಅಂದೆ. ಹೇಳುವ ಮೊದಲು ಆಕೆಯ ಸಾಲನ್ನು ಇನ್ನೊಮ್ಮೆ ನೋಡಿಕೊಂಡಿದ್ದೆ.