ಬುಡ ನೋಡು

ಮಲೆನಾಡಿನವರು ಮನೆಯ ಸಾಲ ಎಷ್ಟಿದೆ ಎಂದಾದರೂ ಹೇಳಿಯಾರು, ಹೆಗ್ಗಾಲಣಬೆ ಏಳುವ ಜಾಗ ಹೇಳುವುದಿಲ್ಲ. ಮುಂಗಾರಿನ ಗುಡುಗು ಕೇಳಿದ ಮರುದಿನ ನಸುಕಿನಲ್ಲೇ ನಮ್ಮ ದೊಡ್ಡಪ್ಪ "ದನ ನೋಡ್ಕಂಡ್ ಬರ್ತೀನಿ" ಎಂದು ಹೊರಡುತ್ತಿದ್ದರು. ದನಗಳೆಲ್ಲ ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತಿರುತ್ತಿದ್ದವು. ಬರುವಾಗ ಪಂಚೆಯ ಮಡಿಲು ಭಾರ.

ಗುರುತು ಹಿಡಿಯುವುದು ಹೇಗೆಂದು ಕೇಳಿದರೆ ಒಂದೇ ಮಾತು: "ಕೊಡೆ ನೋಡ್ಬೇಡ, ಬುಡ ನೋಡು." ಹೆಗ್ಗಾಲಣಬೆಯ ಕಾಲು ಬೇರಿನಂತೆ ನೀಳವಾಗಿ ನೆಲದೊಳಗಿನ ಗೆದ್ದಲ ಗೂಡಿನವರೆಗೂ ಇಳಿದಿರುತ್ತದೆ. ತಾವು ಹೊತ್ತು ತಂದ ಎಲೆ, ಕಡ್ಡಿಗಳ ಮೇಲೆ ಗೆದ್ದಲುಗಳು ಈ ಶಿಲೀಂಧ್ರವನ್ನು ಸಾಕುತ್ತವೆ. ದುಡಿಮೆ ಅವುಗಳದ್ದು, ಸಾರು ನಮ್ಮದು. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ದೊಡ್ಡಪ್ಪನಿಗೆ ಹೆಸರಿನ ಹಂಗಿರಲಿಲ್ಲ, ಹುತ್ತದ ಗುರುತಿತ್ತು.

ದೊಡ್ಡಮ್ಮನ ಪರೀಕ್ಷೆ ಬೇರೆ. ಸಾರಿಗೆ ಬೆಳ್ಳಿ ನಾಣ್ಯ ಹಾಕುವುದು, ಕಪ್ಪಾದರೆ ವಿಷ. ನಾಣ್ಯ ಎಂದೂ ಕಪ್ಪಾಗಲಿಲ್ಲ. ವಿಷದ ಅಣಬೆ ಹಾಕಿದ್ದರೂ ಆಗುತ್ತಿರಲಿಲ್ಲ ಎಂಬುದನ್ನು ಆಕೆಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗಿತ್ತು? ಹುಳ ತಿಂದದ್ದನ್ನು ನಾವೂ ತಿನ್ನಬಹುದೆಂಬುದೂ ಇಂಥದ್ದೇ ನಂಬಿಕೆ. ಅಮಾನಿಟಾ ಜಾತಿಯ ಕೆಲವು ಅಣಬೆಗಳ ವಿಷ ಎಷ್ಟು ಬೇಯಿಸಿದರೂ ಹೋಗದು. ತಿಂದು ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ ವಾಂತಿ ಶುರುವಾಗುತ್ತದೆ, ನಡುವೆ ಗುಣವಾದಂತೆ ತೋರುತ್ತದೆ, ಆಮೇಲೆ ಯಕೃತ್ತು ಕೈಕೊಡುತ್ತದೆ. ಪೇಟೆಯ ಹುಲ್ಲುಹಾಸಿನಲ್ಲಿ ಏಳುವ ಇನ್ನೊಂದು ಬಿಳಿ ಕೊಡೆಯಿದೆ, ನೋಡಲು ಬಲು ಸುಂದರ. ಅದನ್ನು ಬಿಳಿ ಕಾಗದದ ಮೇಲೆ ಒಂದು ರಾತ್ರಿ ಕವುಚಿಟ್ಟರೆ ಹಸಿರು ಛಾಯೆಯ ಪುಡಿ ಉದುರಿಸುತ್ತದೆ, ಅದೂ ವಿಷವೇ. ಹೆಗ್ಗಾಲಣಬೆಯ ಪುಡಿ ನಸುಗೆಂಪು.

ದೊಡ್ಡಪ್ಪ ಯಾರಿಗೂ ಜಾಗ ಹೇಳದೆಯೇ ತೀರಿಕೊಂಡರು. ಹೇಳಿದ್ದರೂ ಏನು ಬಂತು? ಆ ಗುಡ್ಡಕ್ಕೆ ಜೆಸಿಬಿ ಬಂದು ಹುತ್ತಗಳೆಲ್ಲ ಸಮತಟ್ಟಾದವು, ಈಗ ಅಲ್ಲಿ ಅಡಿಕೆ ಸಸಿ. ಮೊನ್ನೆ ತಮ್ಮನೊಬ್ಬ ಮನೆಯವರ ವಾಟ್ಸಾಪ್ ಗುಂಪಿಗೆ ಬಿಳಿ ಅಣಬೆಯ ಫೋಟೋ ಹಾಕಿ "ತಿನ್ನಬಹುದಾ?" ಎಂದ. ಬೆಂಗಳೂರಿನಿಂದ, ದುಬೈನಿಂದ ಹೆಬ್ಬೆರಳುಗಳು ಎದ್ದವು. ಮಳೆಗಾಲದಲ್ಲಿ ಇಷ್ಟು ಬೇಗ ಅಣಬೆಯೂ ಏಳುವುದಿಲ್ಲ. ಫೋಟೋದಲ್ಲಿ ಕೊಡೆ ಮಾತ್ರ ಇತ್ತು.

ನಿಮ್ಮ ಗುಂಪಿಗೂ ಇಂಥ ಫೋಟೋ ಬಂದೀತು. ದಯವಿಟ್ಟು ಹೆಬ್ಬೆರಳು ಎತ್ತಬೇಡಿ, "ಬುಡ ಎಲ್ಲಿ?" ಎಂದು ಕೇಳಿ, ಉತ್ತರ ಬರುವತನಕ ಒಲೆ ಹಚ್ಚಬೇಡವೆನ್ನಿ.