ಆರು ರನ್ನಿನ ಲೆಕ್ಕ

ಶಹಾಡಿನಲ್ಲಿ ನನಗೆ ಹೆಸರಿಲ್ಲ. ಇಲ್ಲಿ ನಾನು ಬರೀ 'ಅಣ್ಣಾ'. ದಕ್ಷಿಣದ ಕಡೆಯಿಂದ ಬಂದವರೆಲ್ಲ ಇಲ್ಲಿಯವರ ಪಾಲಿಗೆ ಅಣ್ಣಂದಿರೇ. ಕಲ್ಯಾಣ್ ದಾಟಿ ಕಸಾರಾ ಕಡೆಗೆ ಹೊರಟ ಲೋಕಲ್ಲಿಗೆ ಮೊದಲ ಸ್ಟೇಷನ್ ನಮ್ಮದು. ಹತ್ತಿರ ಹತ್ತಿರ ಮೂವತ್ತು ವರ್ಷ ಅದೇ ಗಾಡಿಯಲ್ಲಿ ಬ್ಯಾಂಕಿಗೆ ಹೋಗಿ ಬಂದೆ. ಮನೆಯ ಬಾಗಿಲು ದಾಟಿದರೆ ಕನ್ನಡ ಆಡುವ ಪ್ರಸಂಗವೇ ಅಪರೂಪ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕ್ರಿಕೆಟ್ ಹುಚ್ಚಿಗೆ ಬೇರೆ ಯಾವ ಸಬೂಬೂ ನನ್ನ ಹತ್ತಿರ ಇಲ್ಲ.

"ಅವರು ಗೆದ್ರೆ ನಿಮ್ಮ ಪೆನ್ಷನ್ ಜಾಸ್ತಿ ಆಗತ್ತಾ?" ಅಂತ ನನ್ನಾಕೆ ಕೇಳುತ್ತಾಳೆ. ಪ್ರಶ್ನೆ ಸರಿಯೇ. ನಾನು ಒಂದು ಪೈಸೆ ಹಾಕದ ಖಾತೆಯಲ್ಲಿ ನಷ್ಟವಾದರೆ ನನಗೇಕೆ ರಾತ್ರಿ ಊಟ ಸೇರುವುದಿಲ್ಲ? ಎಂ.ಕಾಂ.ನಲ್ಲಿ ಇದಕ್ಕೆ ಯಾವ ಪಾಠವೂ ಇರಲಿಲ್ಲ.

ಆ ಖಾತೆ ತೆರೆದದ್ದು 1974ರ ಮಾರ್ಚಿನಲ್ಲಿ, ಭದ್ರಾವತಿಯಲ್ಲಿ. ನಾನಾಗ ಹೈಸ್ಕೂಲು ಹುಡುಗ. ಸತತ 15 ವರ್ಷ ರಣಜಿ ಟ್ರೋಫಿ ಗೆದ್ದ ಬೊಂಬಾಯಿ ತಂಡ ಸೆಮಿಫೈನಲ್ ಆಡಲು ಬೆಂಗಳೂರಿಗೆ ಬಂದಿತ್ತು. ನಮ್ಮೂರಿನಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ಪ್ರಸನ್ನರ ಚೆಂಡಿಗೆ ಗವಾಸ್ಕರ್ ಬೌಲ್ಡ್ ಆದಾಗ ಪಕ್ಕದ ಮನೆಯ ರೇಡಿಯೊ ಮುಂದೆ ಕೂತಿದ್ದ ನಮ್ಮ ಲೆಕ್ಕದ ಮೇಷ್ಟ್ರು ಪಂಚೆ ಮೇಲೆತ್ತಿ ಕಟ್ಟಿ ಕುಣಿದೇಬಿಟ್ಟರು. ನಮ್ಮ 385ಕ್ಕೆ ಅವರದು 307. ಆಮೇಲೆ ಫೈನಲ್ಲಿನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಸಲ ಟ್ರೋಫಿ ತಂದರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ಕ್ಕೆ, ಅಂದರೆ ಐದು ತಿಂಗಳೂ ತುಂಬಿರಲಿಲ್ಲ. ನನಗೆ ಆ ಹೆಸರು ನಿಜವಾಗಿ 'ನಮ್ಮದು' ಅನ್ನಿಸಿದ್ದು ನಕಾಶೆ ನೋಡಿ ಅಲ್ಲ, ಮೇಷ್ಟ್ರ ಕುಣಿತ ನೋಡಿ.

ಮುಂದೆ ಬ್ಯಾಂಕಿನ ಆರ್ಡರು ಬಂತು, ನಾವು ಸೋಲಿಸಿದವರ ಊರಿಗೇ ಬಂದು ಬಿದ್ದೆ! ಗಾಡಿಯಲ್ಲಿ ನಮ್ಮದೊಂದು ಗುಂಪಿತ್ತು, ನನ್ನ ಬಿಟ್ಟರೆ ಎಲ್ಲರೂ ಮರಾಠಿಗರು. ರಣಜಿ ಬಂತೆಂದರೆ ಒಬ್ಬನ ಮೇಲೆ ಹನ್ನೊಂದು ಜನ. 2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಫೈನಲ್, ಎದುರಾಳಿ ಮುಂಬೈ. ಗೆಲ್ಲಲು 338 ಬೇಕು. ಮನೀಷ್ ಪಾಂಡೆ 144 ಹೊಡೆದ. ನಾನು ಕೌಂಟರಿನ ಹಿಂದೆ ಕೂತು ಫೋನಿನಲ್ಲಿ ಸ್ಕೋರು ಕೇಳುತ್ತ ಎರಡು ವೋಚರು ತಪ್ಪು ಬರೆದೆ. 331ಕ್ಕೆ ಆಲೌಟ್. ಆರು ರನ್ನಿನ ಸೋಲು.

ಅವತ್ತು ಸಂಕ್ರಾಂತಿ ಬೇರೆ. ಸಂಜೆ ಗಾಡಿಯಲ್ಲಿ ನಮ್ಮ ಬಿಲ್ಡಿಂಗಿನ ಮೇಲ್ಮಹಡಿಯ ಸ್ನೇಹಿತರು ಡಬ್ಬಿ ತೆಗೆದು, "ತಿಳ್‌ಗುಳ್ ಘ್ಯಾ ಅಣ್ಣಾ, ಗೋಡ್ ಗೋಡ್ ಬೋಲಾ" ಎಂದರು. ನಮ್ಮ ಕಡೆ ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡು ಅನ್ನುವ ಹಾಗೆ. ತಿಂದೆ. ಮಾತು ಮಾತ್ರ ಹೊರಡಲಿಲ್ಲ. ಎಲ್ಲ ನಕ್ಕರು. ಆಮೇಲೆ ಹಿಂದಿನ ಸೀಟಿನವರೊಬ್ಬರು ಎದ್ದು ನನಗೆ ಜಾಗ ಬಿಟ್ಟುಕೊಟ್ಟರು. ಸಾವು ಆದ ಮನೆಯವನಿಗೆ ಬಿಡುವ ಹಾಗೆ.

1976ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಾಗ ವಿದ್ಯಾರ್ಥಿಗಳು 'ನಾವು ಗೆದ್ದೆವು' ಅನ್ನುತ್ತಾರಂತೆ. ಸೋತಾಗ ಆ 'ನಾವು' ಕಡಿಮೆಯಾಗುತ್ತದಂತೆ. ಇರಬಹುದು. ಊರು ಬಿಟ್ಟವನ ಲೆಕ್ಕ ಹಾಗಲ್ಲ. 'ನಾವು' ಅನ್ನಲು ಅವನಿಗೆ ಸಿಗುವ ಅವಕಾಶ ಕೆಲವೇ. ಸೋತರೂ ಅದನ್ನು ಬಿಟ್ಟುಕೊಡಲಾರ. ಆ ಸಂಜೆ ಗಾಡಿಯಲ್ಲಿ ಸೋತದ್ದು ನಾನೊಬ್ಬನೇ. ಆದರೆ ಮೈಸೂರಿನಲ್ಲಿ ಸಾವಿರಾರು ಜನ ನನ್ನ ಹಾಗೇ ಸುಮ್ಮನೆ ಮನೆಗೆ ನಡೆಯುತ್ತಿದ್ದಾರೆ ಅಂದುಕೊಂಡಾಗ ಅದೇನೋ ಸಮಾಧಾನ.

ಆರ್‌ಸಿಬಿ ವಿಷಯದಲ್ಲಂತೂ ಈ ಲೆಕ್ಕ ಇನ್ನೂ ವಿಚಿತ್ರ. ನಾಯಕ ಪಾಟಿದಾರ್ ಇಂದೋರಿನವರು, ಕೊಹ್ಲಿ ದೆಹಲಿಯವರು. ತಂಡದಲ್ಲಿ ಕನ್ನಡದವರನ್ನು ಬೆರಳಲ್ಲಿ ಎಣಿಸಬಹುದು. 2009, 2011, 2016ರಲ್ಲಿ ಫೈನಲ್ ಸೋತರು. 2009ರದೂ ಆರೇ ರನ್ನಿನ ಸೋಲು. ಆದರೂ ನಮ್ಮ ಬಿಲ್ಡಿಂಗಿನ ಮರಾಠಿ ಮಕ್ಕಳು ನನ್ನ ಕಂಡರೆ "ಈ ಸಲ ಕಪ್ ನಮ್ದೇ!" ಎಂದು ಕೂಗುತ್ತವೆ. ಗೇಲಿಗೇ ಅನ್ನಿ. ಅವಕ್ಕೆ ಬರುವ ಕನ್ನಡ ವಾಕ್ಯ ಅದೊಂದೇ. ಬೇರೆಯವರ ಬಾಯಲ್ಲಿ ನಮ್ಮ ಮಾತು ಕೇಳುವ ಸುಖಕ್ಕೆ ಗೇಲಿಯನ್ನೂ ಸಹಿಸಿಕೊಂಡೆ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆ ಮಾತು ನಿಜವಾಯಿತು. ಎದುರಿಗಿದ್ದ ಪಂಜಾಬಿನ ನಾಯಕ ಮುಂಬೈ ಹುಡುಗ ಶ್ರೇಯಸ್ ಅಯ್ಯರ್. ಗೆದ್ದದ್ದು ಎಷ್ಟರಿಂದ? ಆರು ರನ್ನಿನಿಂದ! ಪಂದ್ಯ ಮುಗಿದು ಐದು ನಿಮಿಷಕ್ಕೆ ಬಾಗಿಲು ಬಡಿದರು ಮೇಲ್ಮಹಡಿಯ ಸ್ನೇಹಿತರು. ಅವರೂ ಈಗ ರಿಟೈರಾದವರು, ಮಂಡಿ ನೋವು. "ಅಣ್ಣಾ, ಹಿಶೇಬ್ ಫಿಟ್ಲಾ" ಎಂದರು. ಲೆಕ್ಕ ಚುಕ್ತಾ. ಹದಿನೈದು ವರ್ಷ ಅವರೂ ಆ ಆರು ರನ್ನನ್ನು ಮರೆತಿರಲಿಲ್ಲ. ನನಗೆ ಕಣ್ಣು ತುಂಬಿತು.

ಮರುದಿನ ಬೆಳಿಗ್ಗೆ ಬೆಂಗಳೂರಿನ ವಿಜಯೋತ್ಸವದ ಸುದ್ದಿ ಬಂತು. ತಮ್ಮನ ಮಗನಿಗೆ ಫೋನ್ ಮಾಡಿ, "ಹೋಗಿ ನನ್ನ ಪರವಾಗೂ ಒಂದ್ಸಲ ಕೂಗೋ" ಎಂದೆ. ಸಂಜೆ ಟೀವಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳು, ರಸ್ತೆ ತುಂಬ ಚಪ್ಪಲಿಗಳು. ಅವನ ಫೋನ್ ಹತ್ತಲಿಲ್ಲ. ಎರಡು ತಾಸು ಹತ್ತಲಿಲ್ಲ. ನನ್ನಾಕೆ ಒಂದು ಮಾತೂ ಆಡದೆ ದೇವರ ಮುಂದೆ ಕೂತಳು. ನನ್ನ ಮಾತು ಕೇಳಿ ಹೋದ ಹುಡುಗ ಎಂಬುದೊಂದೇ ನನ್ನ ತಲೆಯಲ್ಲಿ. ಕೊನೆಗೆ ಅವನೇ ಮಾಡಿದ: "ದೊಡ್ಡಪ್ಪ, ಚೆನ್ನಾಗಿದೀನಿ. ಚಪ್ಪಲಿ ಹೋಯ್ತು ಅಷ್ಟೆ."

ಹನ್ನೊಂದು ಜನ ಮನೆಗೆ ಬರಲಿಲ್ಲ. ಅವರ ಮನೆಗಳಲ್ಲೂ ನನ್ನಂಥ ಒಬ್ಬ ದೊಡ್ಡಪ್ಪ "ಹೋಗಿ ಬಾ" ಎಂದಿದ್ದನೇನೋ. 'ನಮ್ದೇ' ಅನ್ನುವ ಮಾತಿನಲ್ಲಿ ಎಷ್ಟು ಸುಖವಿದೆಯೋ ಅಷ್ಟೇ ನೂಕೂ ಇದೆ ಎಂದು ನನಗೆ ಆ ದಿನದವರೆಗೆ ತಿಳಿದಿರಲಿಲ್ಲ.

ಹುಚ್ಚು ಬಿಟ್ಟಿತೇ ಅಂತ ಕೇಳಬೇಡಿ. ಬಿಟ್ಟಿಲ್ಲ. ಪಂದ್ಯದ ದಿನ ಈಗಲೂ ಟೀವಿ ಮುಂದೆ ಕೂರುತ್ತೇನೆ. ಕೂರುವ ಮುಂಚೆ ಬೆಂಗಳೂರಿಗೆ ಒಂದು ಫೋನು: "ಎಲ್ಲಿದೀಯೋ? ಮನೇಲೇ ಕೂತು ನೋಡು."